ಬಾಲ್ಕನಿಯ ಬಿಸಿಲು ಹಾಲ್‌ಗೆ ಎಷ್ಟು? ಎನರ್ಜಿ ಸಿಮ್ಯುಲೇಶನ್‌ನಲ್ಲಿ ಯಾವ ವಿಧಾನ ಆರಿಸಬೇಕು

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬಾಲ್ಕನಿಗೆ ಗಾಜು ಹಾಕಿಸಿ ಮುಚ್ಚಿಬಿಡುವುದು ಈಗ ಮಾಮೂಲಿ. ಹಾಲ್‌ಗೂ ಬಾಲ್ಕನಿಗೂ ನಡುವೆ ಗಾಜಿನ ಸ್ಲೈಡಿಂಗ್ ಬಾಗಿಲು ಮೊದಲೇ ಇರುತ್ತದೆ. ಹೀಗಾಗಿ ಸಂಜೆಯ ಬಿಸಿಲು ಎರಡು ಗಾಜು ದಾಟಿ ಸೋಫಾ ಮೇಲೆ ಬಂದು ಬೀಳುತ್ತದೆ. ಆಫೀಸುಗಳಲ್ಲೂ ಇದೇ ಕತೆ. ಕಿಟಕಿ ಪಕ್ಕ ಮ್ಯಾನೇಜರುಗಳ ಕ್ಯಾಬಿನ್, ಅದಕ್ಕೆ ಗಾಜಿನ ಪಾರ್ಟಿಶನ್, ಅದರಾಚೆ ಸಾಲು ಮೇಜುಗಳು. ಬಿಸಿಲು ಕ್ಯಾಬಿನ್ನನ್ನು ದಾಟಿ ಮೇಜಿನವರ ಕಣ್ಣಿಗೆ ಹೊಡೆಯುತ್ತದೆ.

ಇಂಥ ಕಟ್ಟಡವನ್ನು ಸಿಮ್ಯುಲೇಶನ್‌ಗೆ, ಅಂದರೆ ಕಟ್ಟಡದ ಶಾಖ, ವಿದ್ಯುತ್ತಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮೊದಲೇ ಮಾಡಿ ನೋಡುವುದಕ್ಕೆ, ಹಾಕಿದಾಗ ಒಂದು ಸರಳ ಪ್ರಶ್ನೆ ಏಳುತ್ತದೆ. ಒಳಗೆ ಬಂದ ಬಿಸಿಲಿನಲ್ಲಿ ಮೊದಲ ಕೋಣೆಗೆ ಎಷ್ಟು, ಎರಡನೆಯದಕ್ಕೆ ಎಷ್ಟು? ಸಾಫ್ಟ್‌ವೇರ್ ಏನೋ ಒಂದು ಉತ್ತರ ಕೊಡುತ್ತದೆ. ಆದರೆ ಆ ಉತ್ತರವನ್ನು ತೀರ್ಮಾನಿಸುವುದು ಹೆಚ್ಚಿನವರು ತೆರೆದೂ ನೋಡದ ಒಂದು ಸೆಟ್ಟಿಂಗ್. ಅದನ್ನು ಬದಲಿಸಿದರೆ ಹಿಂದಿನ ಕೋಣೆಯ ಎಸಿ ಲೋಡ್ (ಎಸಿ ಹೊರಹಾಕಬೇಕಾದ ಶಾಖ) ಗುರುತು ಸಿಗದಷ್ಟು ಬದಲಾಗಬಹುದು. ಹಾಗಂತ ಎಲ್ಲ ಕಟ್ಟಡಕ್ಕೂ ಅತಿ ವಿವರದ ವಿಧಾನವೇ ಬೇಕು ಅಂತಲೂ ಇಲ್ಲ. ಯಾವಾಗ ಬೇಕು, ಯಾವಾಗ ಬೇಡ ಅನ್ನುವುದನ್ನು ಕಾಗದದ ಮೇಲೆ ಎರಡು ನಿಮಿಷದಲ್ಲಿ ತಿಳಿಯಬಹುದು. ಮೊದಲು ಅದನ್ನೇ ನೋಡೋಣ.

ಮೊದಲು ಕ್ಯಾಲ್ಕುಲೇಟರ್, ಆಮೇಲೆ ಸಾಫ್ಟ್‌ವೇರ್

ಒಂದು ಬಾಲ್ಕನಿ ತೆಗೆದುಕೊಳ್ಳಿ. ಆಳ 1.5 ಮೀಟರ್, ಅಗಲ 3 ಮೀಟರ್. ಹೊರಗೆ ನೆಲದಿಂದ 2.1 ಮೀಟರ್ ಎತ್ತರದ ಗಾಜು. ಒಳಗೆ ಹಾಲ್ ಕಡೆಗೂ ಅಷ್ಟೇ ಎತ್ತರದ, ಅಷ್ಟೇ ಅಗಲದ ಗಾಜು. ಸೂರ್ಯ ಗಾಜಿಗೆ ನೇರ ಎದುರಿಗಿದ್ದಾನೆ ಅಂದುಕೊಂಡರೆ, ಕಿರಣವು ಬಾಲ್ಕನಿ ದಾಟುವಷ್ಟರಲ್ಲಿ ಎಷ್ಟು ಕೆಳಗಿಳಿಯುತ್ತದೆ ಅಂತ ನೋಡಿದರೆ ಸಾಕು. ಬಾಲ್ಕನಿಯ ಆಳವನ್ನು ಸೂರ್ಯನ ಎತ್ತರದ ಕೋನದ ಟ್ಯಾನ್‌ನಿಂದ ಗುಣಿಸಿ. ಬಂದ ಅಂಕಿಯನ್ನು 2.1ರಿಂದ ಕಳೆಯಿರಿ. ಉಳಿದಿದ್ದು ಒಳಗಿನ ಗಾಜಿನ ಮೇಲೆ ಬಿಸಿಲು ಬೀಳುವ ಎತ್ತರ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ನಡು ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 53.6 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಬಾಲ್ಕನಿಗೆ ಇಡೀ ವರ್ಷದಲ್ಲಿ ಮಧ್ಯಾಹ್ನದ ಬಿಸಿಲು ಅತಿ ಆಳಕ್ಕೆ ಬರುವುದು ಆಗಲೇ. ಟ್ಯಾನ್ 1.36, ಅದರ 1.5 ಪಟ್ಟು 2.03. ಒಳಗಿನ ಗಾಜಿನಲ್ಲಿ ತಳದ ಏಳು ಸೆಂಟಿಮೀಟರಿಗಷ್ಟೇ ಬಿಸಿಲು ತಾಗುತ್ತದೆ. ನೂರಕ್ಕೆ ಮೂರು ಪಾಲು! ಉಳಿದದ್ದೆಲ್ಲ ಬಾಲ್ಕನಿಯ ನೆಲದಲ್ಲೇ ಮುಗಿಯಿತು.

ಬೆಳಿಗ್ಗೆ ಏನಾಗುತ್ತದೆ ಅಂತ ಕೇಳಬಹುದು. ಕೇಳಲೇಬೇಕು. ಡಿಸೆಂಬರ್‌ನಲ್ಲಿ ಸೌರ ಸಮಯ (ಸೂರ್ಯ ಅತಿ ಎತ್ತರಕ್ಕೆ ಬರುವುದನ್ನೇ ಹನ್ನೆರಡು ಗಂಟೆ ಅಂತ ಎಣಿಸುವ ಸಮಯ) ಎಂಟು ಗಂಟೆಗೆ ಸೂರ್ಯ 21 ಡಿಗ್ರಿ ಎತ್ತರದಲ್ಲಿದ್ದರೂ, ದಕ್ಷಿಣದಿಂದ ಸುಮಾರು 58 ಡಿಗ್ರಿ ಪೂರ್ವಕ್ಕೆ ಇರುತ್ತಾನೆ. ಗಾಜಿಗೆ ಎದುರಾಗಿ ನಿಂತು ನೋಡಿದರೆ ಕಿರಣದ ಇಳಿಜಾರು ಸುಮಾರು 36 ಡಿಗ್ರಿ. ಆ ಲೆಕ್ಕದಲ್ಲಿ ಒಳಗಿನ ಗಾಜಿನ ಅರ್ಧ ಎತ್ತರಕ್ಕೆ ಬಿಸಿಲು ಬರಬೇಕು. ಆದರೆ ಕಿರಣ ಅಡ್ಡಕ್ಕೂ ಓಡುತ್ತಿದೆ. 1.5 ಮೀಟರ್ ಒಳಗೆ ಬರುವಷ್ಟರಲ್ಲಿ 2.4 ಮೀಟರ್ ಪಕ್ಕಕ್ಕೆ ಹೋಗಿಬಿಡುತ್ತದೆ. ಬಾಲ್ಕನಿ ಅಗಲ ಮೂರೇ ಮೀಟರ್. ಜಾಸ್ತಿ ಪಾಲನ್ನು ಪಕ್ಕದ ಗೋಡೆಯೇ ನುಂಗುತ್ತದೆ. ಎತ್ತರ, ಅಗಲ ಎರಡನ್ನೂ ಸೇರಿಸಿದರೆ ಒಳಗಿನ ಗಾಜಿಗೆ ಸಿಗುವುದು ಹತ್ತನೇ ಒಂದು ಪಾಲು.

ಈಗ ಅದೇ ಬಾಲ್ಕನಿಯನ್ನು ಪಶ್ಚಿಮಕ್ಕೆ ತಿರುಗಿಸಿ. ಮಾರ್ಚ್ 21ರ ಆಸುಪಾಸಿನಲ್ಲಿ ಸಂಜೆ ಐದರ ಹೊತ್ತಿಗೆ ಬೆಂಗಳೂರಿನ ಸೂರ್ಯ ಸುಮಾರು 20 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿರುತ್ತಾನೆ. ಕಿರಣ ಬಾಲ್ಕನಿ ದಾಟುವಾಗ ಇಳಿಯುವುದು 55 ಸೆಂಟಿಮೀಟರ್ ಮಾತ್ರ. ಒಳಗಿನ ಗಾಜಿನ 1.55 ಮೀಟರ್ ಎತ್ತರಕ್ಕೆ ಬಿಸಿಲು. ಬಾಲ್ಕನಿಗೆ ಬಂದ ನೇರ ಬಿಸಿಲಿನಲ್ಲಿ ಶೇ 74ರಷ್ಟು ಒಳಗಿನ ಗಾಜಿಗೇ ಬಂದು ಬಡಿಯುತ್ತದೆ. ಅದೂ ಎಸಿ ಜೋರಾಗಿ ಓಡುವ ಹೊತ್ತಿನಲ್ಲಿ.

ಇನ್ನು ಲಡಾಖ್‌ನ ಲೇಹ್. ಅಲ್ಲಿ ಮನೆಯ ದಕ್ಷಿಣಕ್ಕೆ ಗಾಜಿನ ಕೋಣೆ ಕಟ್ಟಿ ಚಳಿಗಾಲದ ಬಿಸಿಲು ಹಿಡಿಯುತ್ತಾರೆ. ಊರು 34 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರ್ ಮಧ್ಯಾಹ್ನದ ಸೂರ್ಯನ ಎತ್ತರ ಕೇವಲ 32.4 ಡಿಗ್ರಿ. ಇದೇ ಅಳತೆಯ ಗಾಜಿನ ಕೋಣೆಯಲ್ಲಿ ಶೇ 55ರಷ್ಟು ಬಿಸಿಲು ಹಿಂದಿನ ಗಾಜನ್ನು ಮುಟ್ಟುತ್ತದೆ. ಅಲ್ಲಿ ಆ ಬಿಸಿಲೇ ಹೀಟರ್. ಅದನ್ನು ತಪ್ಪು ಕೋಣೆಯ ಲೆಕ್ಕಕ್ಕೆ ಬರೆದರೆ ಇಡೀ ವಿನ್ಯಾಸದ ಲೆಕ್ಕವೇ ಕೆಡುತ್ತದೆ.

ಶೇ 3, ಶೇ 10, ಶೇ 74, ಶೇ 55. ಒಂದೇ ಬಾಲ್ಕನಿ, ನಾಲ್ಕು ಉತ್ತರ. ಮುಂದಿನ ಆಯ್ಕೆಗಳನ್ನೆಲ್ಲ ಈ ನಾಲ್ಕು ಅಂಕಿ ಕೈಯಲ್ಲಿಟ್ಟುಕೊಂಡು ಅಳೆಯೋಣ.

ಡಿಫಾಲ್ಟ್ ಸೆಟ್ಟಿಂಗ್ ಏನು ಮಾಡುತ್ತದೆ

ಹೆಚ್ಚಿನವರ ಕೈಯಲ್ಲಿರುವುದು ಎನರ್ಜಿಪ್ಲಸ್ ಅನ್ನುವ ಸಿಮ್ಯುಲೇಶನ್ ಸಾಫ್ಟ್‌ವೇರ್. ಅಮೆರಿಕದ ಇಂಧನ ಇಲಾಖೆಯದು, ಉಚಿತ. ಡಿಸೈನ್‌ಬಿಲ್ಡರ್, ಓಪನ್‌ಸ್ಟುಡಿಯೋ, ಹನಿಬೀ ಇವೆಲ್ಲ ಒಳಗೆ ಓಡಿಸುವುದು ಇದನ್ನೇ. ಅದರಲ್ಲಿ 'ಸೋಲಾರ್ ಡಿಸ್ಟ್ರಿಬ್ಯೂಶನ್' ಅನ್ನುವ ಒಂದು ಆಯ್ಕೆ ಇದೆ. ಸುಮ್ನೆ ಬಿಟ್ಟರೆ ಅದು 'ಫುಲ್ ಎಕ್ಸ್‌ಟೀರಿಯರ್' ಆಗಿರುತ್ತದೆ. ಹನಿಬೀಯಲ್ಲಿ ಅದರ ಜೊತೆ ಹೊರಗಿನ ಪ್ರತಿಫಲನವೂ ಸೇರಿರುತ್ತದೆ. ಒಳಗಿನ ಲೆಕ್ಕ ಮಾತ್ರ ಎರಡರಲ್ಲೂ ಒಂದೇ.

ಹೆಸರು ಕೇಳಿದರೆ ಎಲ್ಲವನ್ನೂ ಪೂರ್ತಿ ಲೆಕ್ಕ ಹಾಕುತ್ತದೆ ಅನ್ನಿಸುತ್ತದೆ, ಅಲ್ವಾ? ಪೂರ್ತಿ ಲೆಕ್ಕ ಹೊರಗಿನ ನೆರಳಿಗೆ ಮಾತ್ರ. ಸಜ್ಜಾ, ಪಕ್ಕದ ಕಟ್ಟಡ, ಮರ ಇವುಗಳ ನೆರಳನ್ನು ಸರಿಯಾಗಿಯೇ ನೋಡುತ್ತದೆ. ಕಿಟಕಿ ದಾಟಿ ಒಳಗೆ ಬಂದ ಮೇಲೆ ಒಂದೇ ನಿಯಮ: ನೇರ ಬಿಸಿಲೆಲ್ಲ ಆ ಕೋಣೆಯ ನೆಲದ ಮೇಲೇ ಬಿತ್ತು. ನೆಲ ತನ್ನ ಬಣ್ಣಕ್ಕೆ ತಕ್ಕಷ್ಟು ಹೀರುತ್ತದೆ. ಮಿಕ್ಕದ್ದು ಚದುರಿದ ಬೆಳಕಾಗಿ ಗೋಡೆ, ಚಾವಣಿ, ಗಾಜು ಎಲ್ಲಕ್ಕೂ ಹಂಚಿಹೋಗುತ್ತದೆ. ಒಳಗಿನ ಗಾಜಿನ ಮೂಲಕ ಪಕ್ಕದ ಕೋಣೆಗೆ ಹೋಗುವುದು ಈ ಚದುರಿದ ಬೆಳಕಿನ ಒಂದು ಪಾಲು ಮಾತ್ರ. ಸೂರ್ಯ ನೇರವಾಗಿ ಆ ಗಾಜನ್ನು ನೋಡುತ್ತಿದ್ದರೂ ಲೆಕ್ಕಕ್ಕೆ ಅದು ಕಾಣುವುದಿಲ್ಲ.

ಪಶ್ಚಿಮದ ಬಾಲ್ಕನಿಯಲ್ಲಿ ಇದರ ಪರಿಣಾಮ ನೋಡಿ. ಬಾಲ್ಕನಿಗೆ ನೂರು ಪಾಲು ನೇರ ಬಿಸಿಲು ಬಂತು ಅನ್ನೋಣ. ನಿಜದಲ್ಲಿ 74 ಪಾಲು ಒಳಗಿನ ಗಾಜಿಗೆ ಬಡಿಯುತ್ತದೆ. ಆರು ಮಿಲಿಮೀಟರ್ ಸಾದಾ ಗಾಜು ಅದರಲ್ಲಿ ಸುಮಾರು ಮುಕ್ಕಾಲಕ್ಕಿಂತ ಸ್ವಲ್ಪ ಜಾಸ್ತಿಯನ್ನು ಬಿಡುತ್ತದೆ. ಹಾಲ್‌ಗೆ 58 ಪಾಲು ಬಂತು. ಡಿಫಾಲ್ಟ್ ಲೆಕ್ಕದಲ್ಲಿ ನೂರಕ್ಕೆ ನೂರೂ ಬಾಲ್ಕನಿ ನೆಲಕ್ಕೆ. ಗಾಢ ಬಣ್ಣದ ಟೈಲ್ಸ್ 70 ಪಾಲನ್ನು ಹೀರಿತು. ಉಳಿದ 30ರಲ್ಲಿ ಒಂದಿಷ್ಟು ಗೋಡೆಗೆ, ಒಂದಿಷ್ಟು ಹೊರಗಿನ ಗಾಜಿನ ಮೂಲಕ ವಾಪಸ್ ಹೊರಕ್ಕೆ. ಹಾಲ್‌ಗೆ ಸೇರುವುದು ಹತ್ತಕ್ಕಿಂತ ಕಡಿಮೆ. ಇದು ಕೈಲೆಕ್ಕದ ಅಂದಾಜು, ನಿಜ. ಆದರೂ 58ಕ್ಕೂ 10ಕ್ಕೂ ನಡುವಿನ ಅಂತರ ಅಂದಾಜಿನ ತಪ್ಪಿನಿಂದ ಮುಚ್ಚಿಹೋಗುವಂಥದ್ದಲ್ಲ.

ಇನ್ನೊಂದು ವಿಚಿತ್ರವೂ ಇದೆ. ಈ ವಿಧಾನದಲ್ಲಿ ಹಾಲ್‌ನ ಎಸಿ ಲೋಡ್ ಬಾಲ್ಕನಿ ಟೈಲ್ಸ್‌ನ ಬಣ್ಣಕ್ಕೆ ಜೋತುಬೀಳುತ್ತದೆ. ಬಿಳಿ ಟೈಲ್ಸ್ ಹಾಕಿದರೆ ಹಾಲ್‌ಗೆ ಹೋಗುವ ಪಾಲು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಪಶ್ಚಿಮದ ಸಂಜೆ ಬಿಸಿಲು ಆ ಟೈಲ್ಸ್ ಅನ್ನು ಸರಿಯಾಗಿ ಮುಟ್ಟುವುದೇ ಇಲ್ಲ, ಆದರೂ!

ಅದೇ ದಕ್ಷಿಣದ ಬಾಲ್ಕನಿಗೆ ಬನ್ನಿ. ಡಿಸೆಂಬರ್ ಮಧ್ಯಾಹ್ನ ನಿಜವಾಗಿಯೂ ಶೇ 97 ಬಿಸಿಲು ನೆಲಕ್ಕೇ ಬೀಳುತ್ತದೆ. ಡಿಫಾಲ್ಟ್ ಅಂದುಕೊಂಡಿದ್ದೂ ಅದನ್ನೇ. ಅಲ್ಲಿ ಇದನ್ನು ಬದಲಿಸಿ ಸಿಗುವ ಲಾಭ ಏನೂ ಇಲ್ಲ. ಮೇಲಿನಿಂದ ಬೆಳಕು ಬರುವ ಜಾಗಗಳಿಗೂ ಇದು ಸಾಕು. ತೊಟ್ಟಿಮನೆಯ ತೊಟ್ಟಿಗೆ ಗಾಜಿನ ಮಾಡು ಹಾಕಿದ್ದಾರೆ ಅನ್ನಿ, ನಮ್ಮ ಕಡೆ ನಡುಹಗಲಿನ ಸೂರ್ಯ ನೆತ್ತಿಯ ಹತ್ತಿರವೇ ಇರುವುದರಿಂದ ಬಿಸಿಲು ನೆಲಕ್ಕೇ ಇಳಿಯುತ್ತದೆ. ಈ ಸೆಟ್ಟಿಂಗನ್ನು ಬೈಯುವವರು ಹೆಚ್ಚಾಗಿ ಉತ್ತರದ ಚಳಿ ದೇಶಗಳವರು. ಅವರ ಸೂರ್ಯ ತಗ್ಗಿನಲ್ಲಿರುತ್ತಾನೆ. ಅವರ ಬೈಗುಳವನ್ನು ಹಾಗೇ ಇಲ್ಲಿಗೆ ತರಬೇಕಿಲ್ಲ.

ಕಿರಣ ಎಲ್ಲಿ ಬಿತ್ತು ಅಂತ ನೋಡುವ ಸೆಟ್ಟಿಂಗ್

'ಫುಲ್ ಇಂಟೀರಿಯರ್ ಆಂಡ್ ಎಕ್ಸ್‌ಟೀರಿಯರ್' ಅನ್ನುವ ಆಯ್ಕೆ ಕಿಟಕಿಯಿಂದ ಬಂದ ಕಿರಣವನ್ನು ಹಿಂಬಾಲಿಸುತ್ತದೆ. ಎಷ್ಟು ನೆಲಕ್ಕೆ, ಎಷ್ಟು ಯಾವ ಗೋಡೆಗೆ, ಎಷ್ಟು ಒಳಗಿನ ಗಾಜಿಗೆ ಅಂತ ಪ್ರತ್ಯೇಕವಾಗಿ ಲೆಕ್ಕ ಮಾಡುತ್ತದೆ. ಗಾಜಿಗೆ ಬಿದ್ದ ಪಾಲು ಅದನ್ನು ದಾಟಿ ಪಕ್ಕದ ಕೋಣೆಗೆ ಹೋಗುತ್ತದೆ. ನಮ್ಮ 58 ಪಾಲು ಕಾಣಿಸಿಕೊಳ್ಳುವುದು ಇಲ್ಲಿ. ಪಶ್ಚಿಮ ಅಥವಾ ಪೂರ್ವದ ಗಾಜು, ಹಿಂದೆ ಇನ್ನೊಂದು ಗಾಜು, ಆಚೆ ಎಸಿ ಇರುವ ಕೋಣೆ: ಈ ಮೂರೂ ಇದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ.

ಆದರೆ ಮೂರು ಷರತ್ತು ನೆನಪಿರಲಿ.

ಮೊದಲನೆಯದು ಕೋಣೆಯ ಆಕಾರ. ಕೋಣೆಯೊಳಗೆ ಯಾವ ಮೂಲೆಯಿಂದ ನೋಡಿದರೂ ಉಳಿದ ಎಲ್ಲ ಮೂಲೆಗಳು ಕಾಣಬೇಕು. ಚೌಕ, ಆಯತ ಸರಿ. ಎಲ್ ಆಕಾರದ ಹಾಲ್ ಆಗುವುದಿಲ್ಲ. ಹಾಗಿದ್ದರೂ ಓಡಿಸಿದರೆ ಎರರ್ ಫೈಲ್‌ನಲ್ಲಿ ಎಚ್ಚರಿಕೆ ಬರುತ್ತದೆ, ಅಂಕಿಗಳೂ ಬರುತ್ತವೆ. ಅಪಾಯ ಇರುವುದೇ ಅಲ್ಲಿ, ಏಕೆಂದರೆ ಆ ಅಂಕಿಗಳನ್ನು ನೋಡಿದರೆ ತಪ್ಪು ಅಂತ ಗೊತ್ತಾಗುವುದಿಲ್ಲ. ಎಲ್ ಹಾಲ್ ಅನ್ನು ಎರಡು ಆಯತ ಮಾಡಿ ನಡುವೆ ಬಹಳ ಪಾರದರ್ಶಕವಾದ ಕಾಲ್ಪನಿಕ ಗಾಜು ಇಡುವುದು ಹಳೆಯ ಉಪಾಯ. ಈಗಲೂ ನಡೆಯುತ್ತದೆ. ಗಾಳಿ ಬೆರೆಯುವುದನ್ನು ಮಾತ್ರ ನೀವೇ ಬೇರೆ ಕೊಡಬೇಕು.

ಎರಡನೆಯದು ಇನ್ನೂ ಮುಖ್ಯ. ಒಳಗಿನ ಗಾಜು ದಾಟಿದ ಮೇಲೆ ಆ ಬಿಸಿಲು ಕಿರಣವಾಗಿ ಮುಂದುವರಿಯುವುದಿಲ್ಲ. ಎರಡನೇ ಕೋಣೆಯಲ್ಲಿ ಅದು ಚದುರಿದ ಬೆಳಕಾಗಿ ಎಲ್ಲ ಕಡೆ ಹಂಚಿಹೋಗುತ್ತದೆ. ಕೋಣೆಗೆ ಒಟ್ಟು ಎಷ್ಟು ಶಾಖ ಸೇರಿತು ಅನ್ನುವುದಷ್ಟೇ ಬೇಕಿದ್ದರೆ ಇದರಿಂದ ತೊಂದರೆ ಕಡಿಮೆ. ನೆಲದ ಯಾವ ಜಾಗ ಕಾಯಿತು, ಸೋಫಾದಲ್ಲಿ ಕೂತವರಿಗೆ ಎಷ್ಟು ಸುಡುತ್ತದೆ, ನೆಲದಡಿ ಪೈಪು ಹಾಕಿ ತಂಪು ಮಾಡುವ ವ್ಯವಸ್ಥೆ ಎಷ್ಟು ಬಿಸಿಲು ಹೀರಬೇಕು ಅನ್ನುವ ಪ್ರಶ್ನೆಗಳಿಗೆ ಇದರಲ್ಲಿ ಉತ್ತರ ಸಿಗದು. ಮೂರನೇ ಕೋಣೆ ಇದ್ದರಂತೂ ಅಲ್ಲಿಗೆ ಹೋಗುವುದೆಲ್ಲ ಚದುರಿದ ಬೆಳಕಿನ ಪಾಲೇ.

ಮೂರನೆಯದು ಪರದೆ. ಎನರ್ಜಿಪ್ಲಸ್‌ನಲ್ಲಿ ಹೊರಗಿನ ಕಿಟಕಿಗೆ ಬ್ಲೈಂಡ್ಸ್, ಪರದೆ, ಅದನ್ನು ಎತ್ತಿಳಿಸುವ ನಿಯಮ ಎಲ್ಲ ಕೊಡಬಹುದು. ಒಳಗಿನ ಗಾಜಿಗೆ ಕೊಡಲು ಬರುವುದಿಲ್ಲ. ನಮ್ಮ ಮನೆಗಳಲ್ಲಿ ಪರದೆ ಇರುವುದೇ ಹಾಲ್ ಬಾಗಿಲಿಗೆ, ಬಾಲ್ಕನಿಯ ಹೊರಗಾಜಿಗಲ್ಲ! ಪರದೆ ಸೇರಿದ ಗಾಜು ಅಂತ ಕಡಿಮೆ ಬಿಸಿಲು ಬಿಡುವ ಒಂದು ಗಾಜನ್ನು ಕೊಟ್ಟು ಕೆಲಸ ಸಾಗಿಸಬೇಕು. ಪರದೆ ಎಳೆದ ಮಾಡೆಲ್ ಒಂದು, ತೆಗೆದ ಮಾಡೆಲ್ ಒಂದು ಓಡಿಸಿ ಎರಡರ ನಡುವಿನ ಅಂತರವನ್ನು ತೋರಿಸುವುದು ಪ್ರಾಮಾಣಿಕ ದಾರಿ.

ಸೆಟ್ಟಿಂಗ್ ಬದಲಿಸಿದಾಗ ಪಕ್ಕದಲ್ಲೇ ಇನ್ನೊಂದನ್ನೂ ನೋಡಿ. ಸೂರ್ಯನ ದಾರಿಯನ್ನು ಎನರ್ಜಿಪ್ಲಸ್ ದಿನವೂ ಹೊಸದಾಗಿ ಲೆಕ್ಕ ಹಾಕುವುದಿಲ್ಲ. ಡಿಫಾಲ್ಟ್ ಆಗಿ 20 ದಿನಕ್ಕೊಮ್ಮೆ. ವರ್ಷದ ಯೂನಿಟ್ ಲೆಕ್ಕಕ್ಕೆ ಪರವಾಗಿಲ್ಲ. ಬಿಸಿಲು ಒಳಗಿನ ಗಾಜಿನ ಅಂಚಿಗೆ ತಾಗುತ್ತದೋ ಇಲ್ಲವೋ ಅನ್ನುವ ಕಟ್ಟಡಗಳಲ್ಲಿ, ಅದರಲ್ಲೂ ಸೂರ್ಯ ಬೇಗ ಬೇಗ ಜರುಗುವ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಇದನ್ನು ವಾರಕ್ಕೋ ದಿನಕ್ಕೋ ಇಳಿಸುವುದು ಒಳ್ಳೆಯದು.

ಗಾಜೇ ಇಲ್ಲದಿದ್ದರೆ

ಬಾಲ್ಕನಿಯ ಬಾಗಿಲು ಕಿತ್ತು ಹಾಲ್‌ಗೆ ಸೇರಿಸಿಕೊಂಡಿದ್ದರೆ ಪ್ರಶ್ನೆಯೇ ಬೇರೆ. ಸುಲಭದ ದಾರಿ ಎರಡನ್ನೂ ಒಂದೇ ಝೋನ್ (ಸಾಫ್ಟ್‌ವೇರ್ ಒಂದೇ ಕೋಣೆಯಂತೆ ಲೆಕ್ಕ ಹಾಕುವ ಜಾಗ) ಮಾಡುವುದು. ಗಾಳಿ ಒಂದೇ, ಎಸಿ ಒಂದೇ ಅಂದಮೇಲೆ ಬೇರ್ಪಡಿಸಿ ಸಾಧಿಸುವುದೇನು? ಮುಚ್ಚುವ ಬಾಗಿಲು ಇದ್ದೂ ಒಂದೇ ಝೋನ್ ಮಾಡುವುದು ಮಾತ್ರ ಸರಿಯಲ್ಲ. ಆಗ ಬಾಲ್ಕನಿಯಲ್ಲಿ ಸಿಕ್ಕಿಕೊಂಡು ಅಲ್ಲಿಂದಲೇ ಹೊರಹೋಗುವ ಶಾಖವೂ ಹಾಲ್‌ನ ಎಸಿ ತಲೆಗೆ ಬರುತ್ತದೆ.

ಎರಡು ಝೋನ್ ಬೇಕೇ ಬೇಕು, ನಡುವೆ ಗೋಡೆ ಇಲ್ಲ ಅನ್ನುವಾಗ 'ಏರ್ ಬೌಂಡರಿ', ಅಂದರೆ ಗೋಡೆಯಿಲ್ಲದ ಕಾಲ್ಪನಿಕ ಗಡಿ, ಇದೆ. ದೊಡ್ಡ ಆಫೀಸ್ ಹಾಲ್‌ನಲ್ಲಿ ಕಿಟಕಿ ಕಡೆಗೊಂದು ಎಸಿ, ನಡುಭಾಗಕ್ಕೊಂದು ಎಸಿ ಇರುವ ಕಡೆ ಇದು ಉಪಯೋಗಕ್ಕೆ ಬರುತ್ತದೆ. ಎನರ್ಜಿಪ್ಲಸ್‌ಗೆ ಇದು 2019ರ 9.2 ಆವೃತ್ತಿಯಲ್ಲಿ ಬಂತು. ಬಿಸಿಲಿನ ಮಟ್ಟಿಗೆ ಎರಡೂ ಝೋನ್ ಸೇರಿ ಒಂದೇ ಆವರಣ ಆಗುತ್ತವೆ. ಚದುರಿದ ಬೆಳಕು ಇಡೀ ಆವರಣಕ್ಕೆ ಹರಡುತ್ತದೆ. ಮೇಲೆ ಹೇಳಿದ ಎಲ್ ಆಕಾರದ ತೊಂದರೆಗೆ ಇದು ಮದ್ದಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ತುಂಡು ಮಾಡಿದ್ದನ್ನು ಏರ್ ಬೌಂಡರಿ ಮತ್ತೆ ಹೊಲಿದುಬಿಡುತ್ತದೆ.

ಇಲ್ಲಿ ಕಾಲಿಗೆ ತೊಡರುವುದು ಗಾಳಿ. ಏರ್ ಬೌಂಡರಿ ಇಟ್ಟ ಮಾತ್ರಕ್ಕೆ ಗಾಳಿ ಬೆರೆಯುವುದಿಲ್ಲ. ಡಿಫಾಲ್ಟ್ ಆಗಿ ಗಾಳಿಯ ವಿನಿಮಯ ಶೂನ್ಯ. 'ಸಿಂಪಲ್ ಮಿಕ್ಸಿಂಗ್' ಆರಿಸಿದರೆ ಗಂಟೆಗೆ 0.5 ಸಲ ಗಾಳಿ ಬದಲಾಗುವಷ್ಟು ಅಂತ ಶುರುವಾಗುತ್ತದೆ. ಗೋಡೆಯೇ ಇಲ್ಲದ ಹಾಲ್‌ಗೆ ಅದು ತೀರಾ ಕಡಿಮೆ. ಕಿಟಕಿ ಕಡೆಯ ಝೋನ್ ಕುದಿಯುತ್ತಿದೆ, ಪಕ್ಕದ್ದು ತಣ್ಣಗಿದೆ, ನಡುವೆ ಗೋಡೆಯೂ ಇಲ್ಲ ಅನ್ನುವ ರಿಸಲ್ಟ್ ಕಂಡರೆ ಮೊದಲು ಇಲ್ಲಿ ನೋಡಿ.

ಗಾಜಿನ ಬಾಗಿಲು ಇದ್ದೂ ದಿನವಿಡೀ ತೆರೆದೇ ಇರುವ ಮನೆಗಳಲ್ಲಿ ಬಿಸಿಲಿಗಿಂತ ಗಾಳಿಯೇ ಹೆಚ್ಚು ಶಾಖ ಹೊತ್ತು ತರಬಹುದು. ಅಂಥ ಕಡೆ ಕಿರಣದ ಲೆಕ್ಕ ತಿದ್ದುತ್ತಾ ಕೂರುವ ಮೊದಲು ಬಾಗಿಲಿನ ಗಾಳಿಯನ್ನು ಮಾಡೆಲ್‌ಗೆ ತನ್ನಿ.

ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕೇ?

ಐಇಎಸ್ ವಿಇ ದುಡ್ಡು ಕೊಟ್ಟು ಕೊಳ್ಳಬೇಕಾದ ಪ್ಯಾಕೇಜ್. ಅದರಲ್ಲಿ ಸನ್‌ಕಾಸ್ಟ್ ಅನ್ನುವ ಭಾಗ ಬಿಸಿಲಿನ ದಾರಿಯನ್ನು ಮೊದಲು ಲೆಕ್ಕ ಹಾಕಿಡುತ್ತದೆ. ಆಮೇಲೆ ಅಪಾಚೆಸಿಮ್ ಆ ಫೈಲನ್ನು ಓದಿಕೊಂಡು ಶಾಖದ ಲೆಕ್ಕ ಮಾಡುತ್ತದೆ. ಕಿರಣವನ್ನು ಒಂದರ ಹಿಂದೆ ಒಂದು ಗಾಜು ದಾಟಿಸಿ, ಗೋಡೆಗೋ ನೆಲಕ್ಕೋ ತಾಗುವ ತನಕ ಹಿಂಬಾಲಿಸುವುದು ಇದರ ಬಲ. ಹಾಲ್ ನೆಲದ ಬಿಸಿಲುಪಟ್ಟಿ ಬೇಕು, ಅಥವಾ ಗಾಜಿನ ಕ್ಯಾಬಿನ್, ಗಾಜಿನ ಮೀಟಿಂಗ್ ರೂಮ್, ಆಚೆ ಹಾಲ್ ಅಂತ ಸಾಲು ಇದೆ ಅಂದರೆ ಎನರ್ಜಿಪ್ಲಸ್‌ಗಿಂತ ಇದು ನೇರ ದಾರಿ. ಸನ್‌ಕಾಸ್ಟ್ ಓಡಿಸಿ ಅದನ್ನು ಸಿಮ್ಯುಲೇಶನ್‌ಗೆ ಜೋಡಿಸುವುದನ್ನು ಮರೆತರೆ ಮಾತ್ರ ಆ ಬಲವೆಲ್ಲ ವ್ಯರ್ಥ.

ಟ್ರಾನ್‌ಸಿಸ್ ಅನ್ನುವ ಇನ್ನೊಂದು ಸಿಮ್ಯುಲೇಶನ್ ಸಾಫ್ಟ್‌ವೇರ್‌ನ ಕಟ್ಟಡ ಮಾಡೆಲ್‌ನಲ್ಲಿ ಎರಡು ದಾರಿ ಇವೆ. ಸಾದಾ ದಾರಿಯಲ್ಲಿ ಕೋಣೆಗೆ ಬಂದ ನೇರ ಬಿಸಿಲಿನ ಎಷ್ಟೆಷ್ಟು ಪಾಲು ಯಾವ ಮೇಲ್ಮೈಗೆ ಅಂತ ನೀವೇ ಬರೆಯಬೇಕು. 'ಜಿಯೋಸರ್ಫ್' ಅನ್ನುವ ಅಂಕಿ ಅದು, ಒಟ್ಟು ಒಂದಾಗಬೇಕು. ನೆಲಕ್ಕೆ 0.4, ಒಳಗಿನ ಗಾಜಿಗೆ 0.6 ಅಂತ ಕೊಡಬಹುದು. ಒಮ್ಮೆ ಕೊಟ್ಟರೆ ವರ್ಷವಿಡೀ ಅದೇ. ನಮ್ಮ ಬಾಲ್ಕನಿಯ ಅಂಕಿಗಳನ್ನು ನೋಡಿದ್ದೀರಿ. ಒಂದೇ ದಿನದಲ್ಲಿ, ಒಂದೇ ದಿಕ್ಕಿನಲ್ಲಿ ಶೇ 3ರಿಂದ ಶೇ 10ಕ್ಕೆ ಬದಲಾಯಿತು. ಪಶ್ಚಿಮದಲ್ಲಂತೂ ಮಧ್ಯಾಹ್ನ ಎರಡಕ್ಕೂ ಸಂಜೆ ಐದಕ್ಕೂ ಹೋಲಿಕೆಯೇ ಇಲ್ಲ. ಒಂದು ಅಂಕಿಯಿಂದ ಇಡೀ ವರ್ಷ ಸಂಭಾಳಿಸಬೇಕಿದ್ದರೆ ಅತಿ ಹೆಚ್ಚು ಬಿಸಿಲು ಬರುವ ಗಂಟೆಗಳನ್ನು ನೋಡಿ ಆರಿಸಿ. ದಿನದ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ಇನ್ನೊಂದು ವಿವರದ ದಾರಿಯಲ್ಲಿ ಕಟ್ಟಡದ ಮೂರು ಆಯಾಮದ ಆಕಾರ ಕೊಟ್ಟರೆ ಅದೇ ಗಂಟೆಗಂಟೆಗೆ ಪಾಲು ಹಾಕಿಕೊಳ್ಳುತ್ತದೆ. ಟ್ರಾನ್‌ಸಿಸ್ ಮೊದಲೇ ಬಲ್ಲವರಿಗೆ ಇದು ಒಳ್ಳೆಯ ಆಯ್ಕೆ. ಇದೊಂದಕ್ಕಾಗಿ ಹೊಸದಾಗಿ ಕಲಿಯಿರಿ ಅಂತ ನಾನು ಹೇಳಲಾರೆ.

ಎನರ್ಜಿಪ್ಲಸ್ ಬಿಡದೆ ಬಿಸಿಲುಪಟ್ಟಿ ತರುವ ಹಿಂಬಾಗಿಲೂ ಒಂದಿದೆ. ಯಾವ ಮೇಲ್ಮೈಯ ಒಳಬದಿಗೆ ಯಾವ ಗಂಟೆಗೆ ಎಷ್ಟು ವ್ಯಾಟ್ ಬಿಸಿಲು ಅಂತ ಹೊರಗೆ ಲೆಕ್ಕ ಹಾಕಿ, ಶೆಡ್ಯೂಲ್ ಆಗಿ ಒಳಗೆ ಕೊಡಬಹುದು. 'ಸೋಲಾರ್ ಇನ್ಸಿಡೆಂಟ್ ಇನ್‌ಸೈಡ್' ಅನ್ನುವ ಆಬ್ಜೆಕ್ಟ್ ಇರುವುದೇ ಅದಕ್ಕೆ. ಆ ಲೆಕ್ಕಕ್ಕೆ ಬೆಳಕಿನ ಕಿರಣಗಳನ್ನು ಹಿಂಬಾಲಿಸುವ ರೇಡಿಯನ್ಸ್ ಅನ್ನುವ ಸಾಫ್ಟ್‌ವೇರ್ ಬಳಸಬಹುದು. ಸಂಶೋಧನೆಗೆ ಚೆನ್ನ. ತಿಂಗಳಿಗೆ ನಾಲ್ಕು ಸಲ ವಿನ್ಯಾಸ ಬದಲಿಸುವ ಕ್ಲೈಂಟ್ ಇದ್ದರೆ ಬೇಡ.

ರೇಡಿಯನ್ಸ್ ಮಾತು ಬಂದಿದ್ದರಿಂದ ಒಂದು ವಿಷಯ. ನಿಮ್ಮ ಪ್ರಶ್ನೆ ಶಾಖದ್ದೋ ಬೆಳಕಿನದ್ದೋ? ಆಚೆಯ ಮೇಜುಗಳಿಗೆ ಹಗಲು ಬೆಳಕು ಸಾಕಾಗುತ್ತದಾ, ಲೈಟ್ ಆರಿಸಬಹುದಾ, ಕಣ್ಣು ಕುಕ್ಕುತ್ತದಾ ಅನ್ನುವುದು ಪ್ರಶ್ನೆಯಾದರೆ ಮೇಲಿನ ಯಾವ ಸೆಟ್ಟಿಂಗ್ ಕೂಡ ಪೂರ್ತಿ ಉತ್ತರವಲ್ಲ. ನೇರ ರೇಡಿಯನ್ಸ್‌ಗೆ ಹೋಗಿ. ಶಾಖದ ಮಾಡೆಲ್ ತಿದ್ದಿ ಬೆಳಕಿನ ಪ್ರಶ್ನೆಗೆ ಉತ್ತರ ಹುಡುಕಬೇಡಿ.

ಪರೀಕ್ಷೆ ಪಾಸಾಗಿದೆ ಅನ್ನುವ ಮಾತು

ಸಾಫ್ಟ್‌ವೇರ್ ಮಾರುವವರು 'ನಮ್ಮದು ಆಶ್ರೇ 140 ಪರೀಕ್ಷೆ ಪಾಸಾಗಿದೆ' ಅನ್ನುತ್ತಾರೆ. ಆಶ್ರೇ ಅಂದರೆ ಅಮೆರಿಕದ ಎಸಿ, ಹೀಟಿಂಗ್ ಇಂಜಿನಿಯರುಗಳ ಸಂಘ; 140 ಅನ್ನುವುದು ಇಂಥ ಸಾಫ್ಟ್‌ವೇರ್‌ಗಳನ್ನು ಒರೆಗೆ ಹಚ್ಚುವ ಅದರ ಮಾನದಂಡ. ಒಳ್ಳೆಯದೇ. ಆ ಪರೀಕ್ಷೆಗಳ ಬುಡ 1995ರ ಬೆಸ್ಟೆಸ್ಟ್ ಅನ್ನುವ ಪರೀಕ್ಷಾ ಕೇಸ್‌ಗಳ ಸರಣಿ. ಅದರಲ್ಲಿ 960 ಅನ್ನುವ ಕೇಸ್ ಗಾಜಿನ ಕೋಣೆಯದ್ದೇ: ದಕ್ಷಿಣಕ್ಕೆ ಎರಡು ಮೀಟರ್ ಆಳದ ಬಿಸಿಲುಕೋಣೆ, ಅದರ ಹಿಂದೆ ಇನ್ನೊಂದು ಕೋಣೆ. ಆದರೆ ಎರಡರ ನಡುವೆ ಇರುವುದು 20 ಸೆಂಟಿಮೀಟರ್ ದಪ್ಪದ ಗೋಡೆ. ಗಾಜಿಲ್ಲ. ಶಾಖ ಗೋಡೆಯ ಮೂಲಕ ನಿಧಾನವಾಗಿ ದಾಟುವುದನ್ನು ಆ ಕೇಸ್ ಚೆನ್ನಾಗಿ ಪರೀಕ್ಷಿಸುತ್ತದೆ. ಬಿಸಿಲು ಎರಡನೇ ಗಾಜು ದಾಟುವುದನ್ನು ಪರೀಕ್ಷಿಸುವುದಿಲ್ಲ. ಆದ್ದರಿಂದ 960 ಪಾಸಾಗಿರುವುದು ನಮ್ಮ ಬಾಲ್ಕನಿಗೆ ಸಾಕ್ಷಿಯಾಗದು. ಸ್ವಂತ ಪರೀಕ್ಷೆಯೇ ಆಗಬೇಕು.

ಅದು ಕಷ್ಟವಲ್ಲ. ಎರಡು ಪೆಟ್ಟಿಗೆಯ ಒಂದು ಸಣ್ಣ ಮಾಡೆಲ್ ಮಾಡಿ. ಮುಂದಿನದಕ್ಕೆ ಹೊರಗಾಜು, ನಡುವೆ ಒಳಗಾಜು, ಹಿಂದಿನದಕ್ಕೆ ಬೇರೆ ಕಿಟಕಿ ಬೇಡ. ಬಿಸಿಲಿರುವ ಒಂದೇ ದಿನ ಓಡಿಸಿ. ಮುಂದಿನ ಕೋಣೆಯ ನೆಲವನ್ನು ಒಮ್ಮೆ ಕಪ್ಪು ಮಾಡಿ, ಒಮ್ಮೆ ಬಿಳಿ ಮಾಡಿ. ಹಿಂದಿನ ಕೋಣೆಗೆ ಹೋಗುವ ಬಿಸಿಲು ಕಪ್ಪು ನೆಲದಲ್ಲಿ ಸೊನ್ನೆಯ ಹತ್ತಿರ ಬಂದರೆ, ನಿಮ್ಮ ಸಾಫ್ಟ್‌ವೇರ್ ಎಲ್ಲ ಬಿಸಿಲನ್ನೂ ನೆಲಕ್ಕೇ ಹಾಕುತ್ತಿದೆ ಅಂತ ಅರ್ಥ. ಬಣ್ಣ ಬದಲಿಸಿದರೂ ಅಂಕಿ ಹೆಚ್ಚು ಅಲುಗಾಡದಿದ್ದರೆ ಕಿರಣವನ್ನು ಹಿಂಬಾಲಿಸುತ್ತಿದೆ. ಪೆಟ್ಟಿಗೆಯನ್ನು ಪಶ್ಚಿಮಕ್ಕೆ ತಿರುಗಿಸಿ ಸಂಜೆಯ ಅಂಕಿ ನೋಡುವುದು ವಾಸಿ. ದಕ್ಷಿಣಕ್ಕಿಟ್ಟು ಮಧ್ಯಾಹ್ನ ನೋಡಿದರೆ ಎರಡು ವಿಧಾನಕ್ಕೂ ವ್ಯತ್ಯಾಸವೇ ಕಾಣದೆ ಮೋಸ ಹೋಗುತ್ತೀರಿ.

ಆಫೀಸ್ ಕ್ಯಾಬಿನ್‌ಗೆ ಯಾವುದು

ಕೊನೆಗೆ ಶುರುವಿನಲ್ಲಿ ಹೇಳಿದ ಕ್ಯಾಬಿನ್. ಪಶ್ಚಿಮದ ಕಿಟಕಿ, ನೆಲದಿಂದ 0.9 ಮೀಟರಿಗೆ ಶುರುವಾಗಿ 2.7ರ ತನಕ. ಕ್ಯಾಬಿನ್ ಆಳ ಮೂರು ಮೀಟರ್. 20 ಡಿಗ್ರಿಯ ಸಂಜೆ ಸೂರ್ಯನಿಗೆ ಕಿರಣ ಇಳಿಯುವುದು 1.1 ಮೀಟರ್. ಅಂದರೆ ಗಾಜಿನ ಪಾರ್ಟಿಶನ್‌ನ ಕೆಳಗಿನ 1.6 ಮೀಟರಿಗೆ ಬಿಸಿಲು ಬರುತ್ತದೆ. ಡಿಫಾಲ್ಟ್ ಅನ್ನು ಹಾಗೇ ಇಟ್ಟರೆ ಈ ಶಾಖವೆಲ್ಲ ಕ್ಯಾಬಿನ್ ನೆಲದ ಲೆಕ್ಕಕ್ಕೆ ಹೋಗಿ, ಕ್ಯಾಬಿನ್ ಎಸಿ ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ, ಆಚೆಯ ಹಾಲ್‌ನದ್ದು ಚಿಕ್ಕದಾಗುತ್ತದೆ. ಇಡೀ ಮಹಡಿಯ ಒಟ್ಟು ಲೋಡ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ರಿಪೋರ್ಟ್ ನೋಡುವವರಿಗೆ ತಪ್ಪು ಗೊತ್ತಾಗುವುದಿಲ್ಲ, ಕೂತು ಕೆಲಸ ಮಾಡುವವರಿಗೆ ಗೊತ್ತಾಗುತ್ತದೆ.

ಇಸಿಬಿಸಿ (ಕಟ್ಟಡಗಳ ಇಂಧನ ಉಳಿತಾಯದ ನಿಯಮಾವಳಿ) ಅಥವಾ ಹಸಿರು ಕಟ್ಟಡ ರೇಟಿಂಗ್‌ಗೆ ವರ್ಷದ ಒಟ್ಟು ಯೂನಿಟ್ ತೋರಿಸುವುದಷ್ಟೇ ಕೆಲಸವಾದರೆ ಇಲ್ಲಿ ಡಿಫಾಲ್ಟ್ ಸಾಕು. ಎರಡೂ ಕಡೆ ಎಸಿ ಇದೆ, ಶಾಖ ಯಾರ ಲೆಕ್ಕಕ್ಕೆ ಹೋದರೂ ಒಟ್ಟು ಅಷ್ಟೇ. ಝೋನ್‌ವಾರು ಎಸಿಯ ಗಾತ್ರ ತೀರ್ಮಾನಿಸಬೇಕಿದ್ದರೆ ಕಿರಣ ಹಿಂಬಾಲಿಸುವ ಸೆಟ್ಟಿಂಗ್ ಹಾಕಿ, ಕ್ಯಾಬಿನ್ನುಗಳನ್ನು ಆಯತಗಳಾಗಿಯೇ ಬಿಡಿಸಿ. ಪಾರ್ಟಿಶನ್‌ಗೆ ಸೊಂಟದೆತ್ತರಕ್ಕೆ ಫ್ರಾಸ್ಟೆಡ್ ಸ್ಟಿಕ್ಕರ್ ಅಂಟಿಸಿರುತ್ತಾರಲ್ಲ, ಬಿಸಿಲು ಬೀಳುವುದು ಬಹುಪಾಲು ಅದರ ಮೇಲೆಯೇ. ಆ ಭಾಗವನ್ನು ಬೇರೆ ಗಾಜಾಗಿ ಕೊಡಿ. ಮಾಡೆಲ್‌ನಲ್ಲಿ ಮೇಜು, ಬೀರು, ಕುರ್ಚಿಗಳು ಕಿರಣಕ್ಕೆ ಅಡ್ಡ ಬರುವುದಿಲ್ಲ, ನಿಜದಲ್ಲಿ ಬರುತ್ತವೆ. ಹಾಲ್ ಕಡೆಗೆ ಬಂದ ಅಂಕಿಯನ್ನು ಗರಿಷ್ಠ ಮಿತಿ ಅಂತ ಓದಿಕೊಂಡು, ಡಿಫಾಲ್ಟ್ ಕೊಟ್ಟ ಅಂಕಿಯನ್ನು ಪಕ್ಕದಲ್ಲೇ ಬರೆದು, ಎರಡನ್ನೂ ಎಸಿ ಇಂಜಿನಿಯರ್ ಕೈಗೆ ಕೊಡಿ.